ಭುವನೇಶ್ವರಿ ಪ್ಲಸ್ ಒನ್

ಬಸ್ಸು ಬರಲು ಇನ್ನೂ ಹತ್ತು ನಿಮಿಷವಿತ್ತು. ಸಿಂಗಾಪುರದ ಚೋವಾ ಚು ಕಾಂಗ್‌ನ ತಮ್ಮ ಬ್ಲಾಕಿನ ಕೆಳಗೆ, ಗೋಡೆಯಿಲ್ಲದ ವಾಯ್ಡ್ ಡೆಕ್ಕಿನಲ್ಲಿ, ಅಕ್ಕ ಮುರಿಗೆವ್ವ ಕಲ್ಲುಬೆಂಚಿನ ಮೇಲೆ ಎರಡೂ ಕಾಲೆತ್ತಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದನ್ನು ಭುವನೇಶ್ವರಿ ನೋಡಿದಳು, ನೋಡದವಳಂತೆ ಮುಖ ತಿರುಗಿಸಿದಳು, ಮತ್ತೆ ನೋಡಿದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಲಿಂಗದ ಕರಡಿಗೆ, ಮಾಸಿದ ಇಳಕಲ್ ಸೀರೆ. ತಾನು ಕೊಡಿಸಿದ ಬಿಳಿ ಬೂಟುಗಳನ್ನು ಅಕ್ಕ ಗುಡಿಯ ಮುಂದೆ ಬಿಟ್ಟ ಹಾಗೆ ಬೆಂಚಿನ ಕೆಳಗೆ ಜೋಡಿಸಿ ಬಿಟ್ಟಿದ್ದಳು. ಇವತ್ತು ಒಂದು ದಿನ, ಸಂಜೆಯವರೆಗೆ, ಈ ಹೆಂಗಸು ತನ್ನ ಒಡಹುಟ್ಟಿದ ಅಕ್ಕ ಎಂಬುದು ಬಸ್ಸಿನಲ್ಲಿ ಯಾರಿಗೂ ಗೊತ್ತಾಗಬಾರದು. ಭುವನೇಶ್ವರಿಗೆ ಬೇಕಾಗಿದ್ದದ್ದು ಅಷ್ಟೇ, ಮಲೇಶಿಯಾದಲ್ಲಿನ ಮಲಾಕಾದ ಕೋಟೆ ಕೊತ್ತಲ ನೋಡುವ ಪ್ರವಾಸ ಯಾರಿಗೆ ಬೇಕಾಗಿತ್ತು. ಗಂಡ ಶಿವಪ್ರಸಾದ ಜುರಾಂಗ್ ಐಲ್ಯಾಂಡಿನಲ್ಲಿ ಡ್ಯೂಟಿ ಬಿತ್ತೆಂದು ಕೈಯೆತ್ತಿದ್ದ. ಕೈಯೆತ್ತುವ ಮೊದಲು, ಕೇಳದೆ ಮಾಡದೆ, ಪ್ರವಾಸ ಏರ್ಪಾಡು ಮಾಡುವ ದ್ವಾರಕನಾಥರಿಗೆ ಎರಡು ಸೀಟು ಹೇಳಿಬಿಟ್ಟಿದ್ದ. ವಾಟ್ಸಾಪಿನ ಪಟ್ಟಿಯಲ್ಲಿ ಹದಿನಾಲ್ಕನೆಯದಾಗಿ 'ಭುವನೇಶ್ವರಿ ಪ್ಲಸ್ ಒನ್' ಎಂದು ಬಿದ್ದಿತ್ತು. ಆ ಪ್ಲಸ್ ಒನ್ ಯಾರೆಂದು ವಾರವಿಡೀ ಯಾರೂ ಕೇಳಲಿಲ್ಲ, ಆದರೂ ಅವಳು ವಾರವಿಡೀ ಉತ್ತರ ಕೊಡುತ್ತಲೇ ಇದ್ದಳು. ಸ್ನಾನ ಮಾಡುವಾಗ, ಆಫೀಸಿನ ಲಿಫ್ಟಿನಲ್ಲಿ, ದೂರದ ಸಂಬಂಧಿ, ನಮ್ಮ ಕಡೆಯವರು, ಹಿಂಗೇ ಸ್ವಲ್ಪ ದಿನಕ್ಕೆ ಬಂದಿದ್ದಾರೆ, ಎಂದು ಗೋಡೆಗೆ ಹೇಳಿ ಅಭ್ಯಾಸ ಮಾಡಿಕೊಂಡಿದ್ದಳು.

ಅವಳು ಸುಳ್ಳು ಹೇಳುವವಳಲ್ಲ. ಅರ್ಧ ಹೇಳಿ ನಿಲ್ಲಿಸುವವಳು. ಎರಡು ವರ್ಷದ ಕೆಳಗೆ ಸಿಂಗಾಪುರದ ಇನ್ನೊಂದು ಬಡಾವಣೆ ಬಿಶಾನ್‌ನ ಶ್ರೀವಿದ್ಯಾಳ ಕಾಂಡೋದಲ್ಲಿ, ಹನ್ನೊಂದನೆಯ ಮಹಡಿಯ ಬಾಲ್ಕನಿಯಲ್ಲಿ, ಫಿಲ್ಟರ್ ಕಾಫಿ ಹಿಡಿದುಕೊಂಡು, ನಿಮ್ಮ ತಂದೆ ಏನ್ ಮಾಡ್ತಿದ್ರು ಎಂದು ಕೇಳಿದಾಗ, ಧಾರವಾಡದಲ್ಲಿ ಕಾಲೇಜಿನಲ್ಲಿದ್ದರು ಎಂದಿದ್ದಳು. ಅಪ್ಪ ಕಾಲೇಜಿನಲ್ಲೇ ಇದ್ದದ್ದು. ಗಂಟೆ ಹೊಡೆಯುತ್ತಿದ್ದ, ಪ್ರಿನ್ಸಿಪಾಲರ ಕೋಣೆಗೆ ನೀರಿಡುತ್ತಿದ್ದ. ಮೈಸೂರಿನ ಶ್ರೀವಿದ್ಯಾ ತಾನಾಗಿಯೇ ಪ್ರೊಫೆಸರಾ ಎಂದು ಕಣ್ಣರಳಿಸಿದರೆ ಅದು ಇವಳ ತಪ್ಪೇನು. ಒಡಹುಟ್ಟಿದವರು ಎಂದು ಕೇಳಿದಾಗ ಮಾತ್ರ ಅರ್ಧ ಹೇಳಲು ಬರಲಿಲ್ಲ, ನಾನೊಬ್ಬಳೇ ಎಂದುಬಿಟ್ಟಳು. ಅಲ್ಲಿಂದ ಶುರುವಾಯಿತು. ಆಮೇಲೆ ಅಕ್ಕನನ್ನು ಕರೆಸಿಕೊಳ್ಳುವ ವೀಸಾ ಫಾರ್ಮಿನಲ್ಲಿ ಸಂಬಂಧ ಎಂಬಲ್ಲಿಯೂ 'ಪರಿಚಿತರು' ಎಂದು ತುಂಬಿದ್ದು ಬೇರೆ ಕಾರಣಕ್ಕೆ: ಅಕ್ಕನ ಕಾಗದಗಳಲ್ಲೆಲ್ಲ ಸತ್ತ ಗಂಡನ ಹೆಸರು, ಒಂದೇ ತಾಯಿಯ ಮಕ್ಕಳೆಂದು ತೋರಿಸುವ ಒಂದು ಚೀಟಿಯೂ ಮನೆಯಲ್ಲಿರಲಿಲ್ಲ, ಅದನ್ನು ಮಾಡಿಸಲು ತಾಲ್ಲೂಕು ಕಚೇರಿಗೆ ಯಾರು ಅಲೆಯುತ್ತಾರೆ. ಆದರೆ ಆ ಪದ ಬರೆಯುವಾಗ ಬೆರಳಿಗೆ ಒಂದು ಹಗುರ ಅನ್ನಿಸಿದ್ದು ಅವಳಿಗೆ ನೆನಪಿತ್ತು.

"ಭುವ್ವಿ, ಬಸ್ಸಿನ್ಯಾಗ ಅಷ್ಟೂ ಮಂದಿ ನಮ್ಮ ಕನ್ನಡದವರ ಇರ್ತಾರೇನ?" ಎಂದು ಅಕ್ಕ ಕೇಳಿದಳು.

"ಇರ್ತಾರ. ನೀ ಮಾತ್ರ ಭಾಳ ಮಾತಾಡಾಕ ಹೋಗಬ್ಯಾಡ. ಅವರ ಮಾತ ಬ್ಯಾರೆ ಇರತೈತಿ."

"ನಾ ಯಾಕ ಮಾತಾಡ್ಲಿ. ಸೇಂಗಾ ಹೋಳಗಿ ಮಾಡೀನಿ ಎಲ್ಲಾರಿಗೂ. ಅಷ್ಟ ಕೊಡ್ತೀನಿ." ಮಡಿಲಲ್ಲಿದ್ದ ಸ್ಟೀಲ್ ಡಬ್ಬಿಯನ್ನು ತಟ್ಟಿದಳು. ನಸುಕಿನ ನಾಲ್ಕಕ್ಕೆ ಎದ್ದು ಮಾಡಿದ್ದಳು. ಮನೆಯೆಲ್ಲ ಆ ವಾಸನೆ ಹಿಡಿದಿತ್ತು. ಭುವನೇಶ್ವರಿ ತನ್ನ ಕುರ್ತಾದ ತೋಳನ್ನು ಮೂಸಿ ನೋಡಿಕೊಂಡಳು.

ಬಸ್ಸು ಬಂತು. ಬಿಶಾನ್‌ನವರು ಮೊದಲೇ ಹತ್ತಿ ಮುಂದಿನ ಸೀಟುಗಳನ್ನೆಲ್ಲ ಹಿಡಿದಿದ್ದರು. ದ್ವಾರಕನಾಥ್ ಬಾಗಿಲಲ್ಲೇ ನಿಂತು ಪಟ್ಟಿ ನೋಡಿ, "ಭುವನೇಶ್ವರಿ ಪ್ಲಸ್ ಒನ್" ಎಂದು ಕೂಗಿ ಗೀಟು ಹಾಕಿದರು. ಎರಡನೆಯ ಸಾಲಿನಿಂದ ಶ್ರೀವಿದ್ಯಾ ಎದ್ದು ನಿಂತು ಭುವನೇಶ್ವರಿಯ ಹೆಗಲ ಮೇಲಿಂದ ಹಿಂದೆ ನೋಡಿದಳು. ಹಿಂದೆ ಮುರಿಗೆವ್ವ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ತಂಗಿಯ ಬ್ಯಾಗು ಹಿಡಿದು, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತುತ್ತಿದ್ದಳು.

"ಓ, ಹೆಲ್ಪರ್‌ನ ಕರ್ಕೊಂಡ್ ಬಂದ್ರಾ? ಊರಿಂದಾನೇ ಕರ್ಸಿದ್ರಾ ಭುವನಾ? ಲಕ್ಕಿ ರೀ ನೀವು. ಕನ್ನಡ ಬರೋ ಹೆಲ್ಪರ್‌ಗೋಸ್ಕರ ನಾನು ಎಷ್ಟ್ ಏಜೆನ್ಸಿ ಟ್ರೈ ಮಾಡ್ದೆ ಗೊತ್ತಾ?"

ವಾರವಿಡೀ ಕಟ್ಟಿಕೊಂಡಿದ್ದ ದೂರದ ಸಂಬಂಧಿ ಗಂಟಲಲ್ಲೇ ಇದ್ದಳು. ಅದನ್ನು ಹೇಳಿದರೆ ಎಷ್ಟು ದೂರ ಎಂದು ಕೇಳುತ್ತಾರೆ, ಯಾರ ಕಡೆಯಿಂದ ಎಂದು ಕೇಳುತ್ತಾರೆ, ಮೂರನೆಯ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ. ಶ್ರೀವಿದ್ಯಾ ತಟ್ಟೆಯಲ್ಲಿಟ್ಟು ಕೊಟ್ಟ ಈ ಉತ್ತರಕ್ಕೆ ಎರಡನೆಯ ಪ್ರಶ್ನೆಯೇ ಇರಲಿಲ್ಲ.

"ಹೂಂ. ಊರಿನವರು," ಎಂದಳು ಭುವನೇಶ್ವರಿ. ಅದು ಪೂರ್ತಿ ನಿಜವೇ ಆಗಿತ್ತು.

ಅಕ್ಕನಿಗೆ ಅದು ಕೇಳಿಸಲಿಲ್ಲ. ಅವಳು ಬಸ್ಸಿನೊಳಗಿನ ಪರದೆಗಳನ್ನು ನೋಡುತ್ತಿದ್ದಳು. ಚೆಕ್‌ಪಾಯಿಂಟ್ ದಾಟಿ ಮಲೇಶಿಯಾದ ಬದಿಯ ಹೆದ್ದಾರಿಗೆ ಬೀಳುವ ಹೊತ್ತಿಗೆ ಹೋಳಿಗೆಯ ಡಬ್ಬಿ ಸಾಲಿನಿಂದ ಸಾಲಿಗೆ ಹೋಗಿ ಖಾಲಿಯಾಗಿ ಬಂದಿತ್ತು. ಎಲ್ಲರೂ ಹೊಗಳಿದರು, ಹೊಗಳಿದ್ದು ಭುವನೇಶ್ವರಿಯನ್ನು: ಎಷ್ಟ್ ಚೆನ್ನಾಗಿ ಟ್ರೇನ್ ಮಾಡಿದೀರಾ. ಮುರಿಗೆವ್ವ ಖಾಲಿ ಡಬ್ಬಿ ನೋಡಿ ಹಿಗ್ಗಿದಳು. ಶ್ರೀವಿದ್ಯಾಳ ಆರು ವರ್ಷದ ಮಗಳು ಪ್ರಣತಿ ಹೋಳಿಗೆ ತಿಂದು, ಚಿಪ್ಸ್ ತಿಂದು, ಟ್ಯಾಬ್ಲೆಟ್ಟು ನೋಡಿ, ಅರ್ಧ ದಾರಿಯಲ್ಲಿ ವಾಂತಿ ಮಾಡಿಕೊಂಡಿತು. ಅದರಪ್ಪ ಗಿರಿಧರ್ ಮೂಗು ಮುಚ್ಚಿಕೊಂಡು ಟಿಶ್ಯೂ ಹುಡುಕುತ್ತಿರುವಷ್ಟರಲ್ಲಿ ಮುರಿಗೆವ್ವ ಎದ್ದು ಹೋಗಿ ಬರಿಗೈಯಲ್ಲೇ ಬಾಚಿ, ತನ್ನ ಸೆರಗಿನ ತುದಿಯಿಂದ ಮಗುವಿನ ಬಾಯೊರೆಸಿ, ಅದನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಬಂದಳು. "ಥ್ಯಾಂಕ್ಸ್ ಭುವನಾ," ಎಂದಳು ಶ್ರೀವಿದ್ಯಾ. ವಾಂತಿ ಬಾಚಿದವರು ಒಬ್ಬರು, ಥ್ಯಾಂಕ್ಸ್ ಇನ್ನೊಬ್ಬರಿಗೆ. ಅದನ್ನು ತೆಗೆದುಕೊಂಡು ಭುವನೇಶ್ವರಿ ನಕ್ಕಳು. ನಕ್ಕ ಮೇಲೆ ಕಿಟಕಿಯ ಆಚೆ ತಾಳೆಯ ತೋಟಗಳು ಒಂದೇ ಅಳತೆಯ ಸಾಲುಗಳಲ್ಲಿ ಹಿಂದೆ ಸರಿಯುವುದನ್ನು ನೋಡುತ್ತಾ ಕೂತಳು. ಹುಬ್ಬಳ್ಳಿಯ ಹಾಸ್ಟೆಲ್ಲಿನ ಗೇಟಿನಲ್ಲಿಯೂ ಅಕ್ಕ ಹೀಗೇ ಹೊರಗಿನವಳಂತೆ ನಿಂತಿದ್ದಳು. ಹದಿನೇಳು ವರ್ಷದ ಹಿಂದೆ, ಖಾನಾವಳಿಗೆ ರೊಟ್ಟಿ ಬಡಿದು ತಂಗಿಯನ್ನು ಇಂಜಿನಿಯರಿಂಗಿಗೆ ಹಾಕಿದವಳು ತಿಂಗಳಿಗೊಮ್ಮೆ ಖಡಕ್ ರೊಟ್ಟಿಯ ಗಂಟು ಹೊತ್ತು ತರುತ್ತಿದ್ದಳು. ಒಂದು ಸಲ ವಾರ್ಡನ್ ಯಾರಮ್ಮಾ ನೀನು ಎಂದು ಕೇಳಿದಾಗ ಭುವನೇಶ್ವರಿ ಗೆಳತಿಯರ ನಡುವೆ ನಿಂತು ನೆಲ ನೋಡಿದಳು. ಅಕ್ಕ ಒಂದು ಗಳಿಗೆ ಅವಳ ಮುಖ ನೋಡಿ, "ನಾ ರೊಟ್ಟಿ ಕೊಡಾಕ ಬಂದಾಕಿರಿ," ಎಂದು ಗಂಟನ್ನು ಗೇಟಿನ ಮೇಲಿಂದ ದಾಟಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದಿದ್ದಳು. ಆ ರಾತ್ರಿ ಭುವನೇಶ್ವರಿ ಅಳಲಿಲ್ಲ. ಬಚಾವಾದೆ ಅನ್ನಿಸಿ ಚೆನ್ನಾಗಿ ನಿದ್ದೆ ಬಂತು. ಅದರ ಬಗ್ಗೆ ಅಕ್ಕತಂಗಿಯರು ಆಮೇಲೆ ಎಂದೂ ಮಾತಾಡಲಿಲ್ಲ.

ಮಲಾಕಾದಲ್ಲಿ ಗೈಡು ಕಾಯುತ್ತಿದ್ದ. ಅರವತ್ತು ದಾಟಿದ, ಬೆತ್ತದ ಟೋಪಿಯ ಮುದುಕ. ತನ್ನ ಮೈಯಲ್ಲಿ ಪೋರ್ಚುಗೀಸರ ರಕ್ತವೂ ಇದೆ, ಡಚ್ಚರದ್ದೂ ಇದೆ, ಮಿಕ್ಕದ್ದು ಯಾರದ್ದೆಂದು ಅಜ್ಜಿ ಹೇಳಲಿಲ್ಲ ಎಂದು ಎಲ್ಲ ಗುಂಪಿಗೂ ಹೇಳುವ ಮಾತನ್ನು ಹೇಳಿ ನಗಿಸಿದ. ಕೆಂಪು ಬಣ್ಣದ ಕಟ್ಟಡಗಳು, ಗಡಿಯಾರದ ಗೋಪುರ, ಹೂವು ಚುಚ್ಚಿದ ಸೈಕಲ್ ರಿಕ್ಷಾಗಳಿಂದ ಕಿವಿ ಕಿತ್ತುಹೋಗುವಂಥ ಹಾಡು. ಪೋರ್ಚುಗೀಸರು ಕೋಟೆ ಕಟ್ಟಿದರು, ಡಚ್ಚರು ಕಿತ್ತುಕೊಂಡರು, ಇಂಗ್ಲಿಷರು ಸಿಡಿಮದ್ದಿಟ್ಟು ಉರುಳಿಸಿದರು, ಉಳಿದದ್ದು ಈ ಒಂದು ಬಾಗಿಲು, ಎಂದು ಗೈಡು ಬೆತ್ತದಿಂದ ತೋರಿಸಿದ. ಕಲ್ಲು ಹೊತ್ತವರು ಗುಲಾಮರು, ಅವರ ಹೆಸರು ಎಲ್ಲೂ ಇಲ್ಲ, ಎಂದು ಅದೇ ದನಿಯಲ್ಲಿ ಸೇರಿಸಿ ಗಡಿಯಾರ ನೋಡಿಕೊಂಡ. ಫೋಟೋಕ್ಕೆ ಎಲ್ಲರೂ ಬಾಗಿಲಿನ ಕೆಳಗೆ ಗುಂಪಾದರು. ಮುರಿಗೆವ್ವ ತಂಗಿಯ ಪಕ್ಕಕ್ಕೆ ಬಂದು, ಸೆರಗು ಹೊದ್ದು, ಫೋಟೋಕ್ಕೆ ನಿಲ್ಲುವವರು ನಿಲ್ಲುವ ಹಾಗೆ ಕೈಗಳನ್ನು ನೇರ ಬಿಟ್ಟು ನಿಂತಳು. "ಭುವನಾ, ಬ್ಯಾಗ್ ಎಲ್ಲಾ ಅವ್ರ ಹತ್ರ ಕೊಟ್ಬಿಡೋಣ್ವಾ? ಫ್ರೇಮ್ ಕ್ಲೀನ್ ಆಗಿರತ್ತೆ," ಎಂದಳು ಶ್ರೀವಿದ್ಯಾ. ಎಲ್ಲರೂ ಭುವನೇಶ್ವರಿಯ ಕಡೆ ನೋಡಿದರು, ಹೇಳಬೇಕಾದವಳು ಅವಳೇ ಎಂಬಂತೆ. "ಸ್ವಲ್ಪ ಇವನ್ನ ಹಿಡ್ಕೊಂಡು ಆ ಕಡೆ ನಿಲ್ತೀರಾ," ಎಂದಳು ಭುವನೇಶ್ವರಿ. ತನ್ನ ಬಾಯಿಂದ ಬಂದ ಬಹುವಚನ ಅವಳಿಗೇ ತಣ್ಣಗೆ ತಾಗಿತು. ಅಕ್ಕ ಅವಳನ್ನು ನೋಡಿದಳು. ಹನ್ನೊಂದು ಬ್ಯಾಗುಗಳನ್ನು ಕೊರಳಿಗೆ, ಹೆಗಲಿಗೆ, ಮೊಣಕೈಗೆ ನೇತುಹಾಕಿಕೊಂಡು ಪಕ್ಕದ ಫಿರಂಗಿಯ ಹತ್ತಿರ ಹೋಗಿ ನಿಂತಳು. ಗೈಡು ಮೂರು ಫೋಟೋ ತೆಗೆದ.

ಗುಡ್ಡದ ಮೇಲೆ ಸೂರು ಬಿದ್ದ ಹಳೆಯ ಇಗರ್ಜಿಯಿತ್ತು. ಗೋಡೆಗಳಿಗೆ ಒರಗಿಸಿದ ಆಳೆತ್ತರದ ಗೋರಿಕಲ್ಲುಗಳನ್ನು ಕಂಡು ಮುರಿಗೆವ್ವ ಬಾಗಿಲಲ್ಲೇ ಬೂಟು ಬಿಚ್ಚಿದಳು. "ಗದ್ದಿಗಿ ಇದ್ದಂಗ ಕಾಣತಾವ," ಎಂದು ಒಂದು ಕಲ್ಲಿಗೆ ಹಣೆ ಮುಟ್ಟಿಸಿ, ಸೊಂಟಕ್ಕೆ ಸಿಕ್ಕಿಸಿದ ಚೀಲದಿಂದ ಚಿಟಿಕೆ ವಿಭೂತಿ ತೆಗೆದು ಹಚ್ಚಿದಳು. ಡಚ್ ವರ್ತಕನೊಬ್ಬನ ಹೆಂಡತಿಯ ಕಲ್ಲದು, ಎಂದ ಗೈಡು, ಟೋಪಿ ತೆಗೆದು ಎದೆಗಿಟ್ಟುಕೊಂಡ. ಅವನಿಗೆ ಸಂತೋಷವಾಗಿತ್ತು. ಬಿಶಾನ್‌ನವರು ಮಾತ್ರ ಕಿಸಕ್ಕನೆ ನಕ್ಕರು, ಗಿರಿಧರ್ ಮೊಬೈಲು ಎತ್ತಿ ಚಿತ್ರ ಹಿಡಿದ. ಭುವನೇಶ್ವರಿಯೂ ನಕ್ಕಳು. ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕಳು. ಇವಳ ಬಗ್ಗೆ ನಗುವ ಹಕ್ಕು ಎಲ್ಲರಿಗಿಂತ ತನಗೇ ಜಾಸ್ತಿ ಇದೆ ಎಂದು ತೋರಿಸಬೇಕಿತ್ತೇನೋ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅಕ್ಕನ ಬರಿಗಾಲು, ಸೀಳಿದ ಹಿಮ್ಮಡಿ, ರೊಟ್ಟಿಯ ಹಂಚಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೂತು ಹೊರಳಿದ ಬೆರಳು ಕಂಡಾಗ ಅವಳು ನಗು ನಿಲ್ಲಿಸಿದಳು. ನಿಲ್ಲಿಸಬೇಕಾದದ್ದಕ್ಕೆ ಅವಳಿಗೆ ಅಕ್ಕನ ಮೇಲೆಯೇ ಸಿಟ್ಟು ಬಂತು. ಒಂದು ದಿನ, ಒಂದೇ ಒಂದು ದಿನ ಬೂಟು ಹಾಕಿಕೊಂಡು ಇರಲಾಗದೇ ಈಕೆಗೆ.

ಊಟ ನದಿಯ ದಂಡೆಯ ಮೇಲೆ, ಕಟ್ಟಿಕೊಂಡು ತಂದ ಪುಳಿಯೋಗರೆ, ಮೊಸರನ್ನ. ಬಡಿಸಿದವಳು ಮುರಿಗೆವ್ವ. ಯಾರೂ ಬಡಿಸು ಎಂದು ಹೇಳಲಿಲ್ಲ. ಹಿರಿಯಳು, ಬಂದವರೆಲ್ಲ ತಂಗಿಯ ಗೆಳತಿಯರು, ಬಡಿಸದೆ ಕೂರುವುದು ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ಮೊಸರನ್ನ ಹಾಕಿಸಿಕೊಳ್ಳುತ್ತಾ ಶ್ರೀವಿದ್ಯಾ, ಒಳ್ಳೆಯ ಮನಸ್ಸಿನಿಂದಲೇ, ಮುಖವೆತ್ತಿ ಕೇಳಿದಳು:

"ಏನಮ್ಮಾ, ಭುವನಾ ಮೇಡಮ್ ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ತಾರಾ? ಕೆಲಸ ಜಾಸ್ತಿ ಹೇಳ್ತಾರಾ?"

ಸೌಟು ಗಾಳಿಯಲ್ಲೇ ನಿಂತಿತು. ಮುರಿಗೆವ್ವ ಶ್ರೀವಿದ್ಯಾಳನ್ನು ನೋಡಲಿಲ್ಲ, ತಂಗಿಯನ್ನು ನೋಡಿದಳು. ಭುವನೇಶ್ವರಿ ನೆಲ ನೋಡಿದಳು. ಹದಿನೇಳು ವರ್ಷದಲ್ಲಿ ಅವಳ ಕತ್ತು ಬಗ್ಗುವ ರೀತಿ ಬದಲಾಗಿರಲಿಲ್ಲ. ಬೆಳಗಿನಿಂದ ಕೊಟ್ಟ ಥ್ಯಾಂಕ್ಸುಗಳು, ಹನ್ನೊಂದು ಬ್ಯಾಗುಗಳು, ಆ 'ನಿಲ್ತೀರಾ', ಎಲ್ಲ ಒಂದೊಂದಾಗಿ ಅಕ್ಕನ ಮುಖದಲ್ಲಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುವುದು ಅವಳಿಗೆ ನೋಡದೆಯೂ ಕಂಡಿತು.

"ಛಲೋ ನೋಡ್ಕೋತಾರ್ರೀ," ಎಂದಳು ಮುರಿಗೆವ್ವ. "ಬಾಯಾರು ಭಾಳ ಛಲೋ ಅದಾರ."

ಬಾಯಾರು ಎಂದರೆ ಅವರ ಕಡೆ ಮನೆಯೊಡತಿ. ಭುವನೇಶ್ವರಿಗೆ ಆಗ ಆದದ್ದು ನಾಚಿಕೆಯಲ್ಲ, ಕೃತಜ್ಞತೆ. ಅಕ್ಕನ ಕಾಲು ಹಿಡಿಯುವಷ್ಟು ಕೃತಜ್ಞತೆ. ಆಮೇಲೆ ದಿನವಿಡೀ ಅಕ್ಕ ಮೂರು ಹೆಜ್ಜೆ ಹಿಂದೆಯೇ ನಡೆದಳು, ಕರೆದರೆ "ಬಂದೆರಿ" ಎಂದಳು, ವಾಪಸು ಬರುವಾಗ ಬಸ್ಸಿನ ಕಟ್ಟಕಡೆಯ ಸೀಟಿಗೆ ಹೋಗಿ ನಿದ್ದೆಹೋದ ಪ್ರಣತಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಶ್ರೀವಿದ್ಯಾ ಎದ್ದು ಬಂದು ಭುವನೇಶ್ವರಿಯ ಪಕ್ಕ, ಅಕ್ಕ ಖಾಲಿ ಮಾಡಿದ ಸೀಟಿನಲ್ಲಿ ಕೂತು ಗಂಟೆಗಟ್ಟಲೆ ಹರಟಿದಳು. ಬರುವ ತಿಂಗಳು ಮನೆಯಲ್ಲಿ ಪೂಜೆ, ನೀವು ಬರಲೇಬೇಕು, ನಮ್ಮೋರ ಥರ ಆಗ್ಬಿಟ್ರಿ ಎಂದಳು. ಭುವನೇಶ್ವರಿಗೆ ಒಳಗೆ ಬೆಚ್ಚಗಾಯಿತು. ಮನೆಗೆ ಹೋದ ಮೇಲೆ ಅಕ್ಕನಿಗೆ ಬಿಸಿನೀರು ಕಾಯಿಸಿ ಕಾಲು ಒತ್ತಬೇಕು, ಏನಾದರೂ ಹೇಳಬೇಕು ಎಂದುಕೊಂಡಳು. ಏನು ಎಂಬುದನ್ನು ಅರ್ಧದವರೆಗೆ ಯೋಚಿಸಿದಳು.

ಸಿಂಗಾಪುರದ ಕಡೆಯ ಚೆಕ್‌ಪಾಯಿಂಟಿನಲ್ಲಿ ಎಲ್ಲರೂ ಸಾಮಾನು ಸಮೇತ ಇಳಿದು, ಪಾಸ್‌ಪೋರ್ಟ್ ತೋರಿಸಿ, ಆ ತುದಿಯಲ್ಲಿ ಮತ್ತೆ ಬಸ್ಸು ಹತ್ತಬೇಕು. ಸಂಜೆ ಏಳು ಗಂಟೆಯ ಜನಜಂಗುಳಿ. ಇಲ್ಲಿ ನೆಲೆಸಿದವರಿಗೆ ಒಂದು ಸಾಲು, ಹೊರಗಿನಿಂದ ನೋಡಲು ಬಂದವರಿಗೆ ಇನ್ನೊಂದು. ಭುವನೇಶ್ವರಿ ಬಸ್ಸಿನಲ್ಲೇ ಅಕ್ಕನ ಬಿಳಿ ಕಾರ್ಡು ತುಂಬಿ ಕೈಗೆ ಕೊಟ್ಟಿದ್ದಳು. ಆ ಸಾಲಿನ ತುದಿಗೆ ಹೋಗಿ ನಿಂತು, ಕೇಳಿದರೆ ವಿಸಿಟ್ ಎನ್ನು ಎಂದು ಹೇಳಬಹುದಿತ್ತು. ಆದರೆ ಶ್ರೀವಿದ್ಯಾ ಮಾತಾಡುತ್ತಲೇ ಇದ್ದಳು, ಜನ ನೂಕುತ್ತಿದ್ದರು, ಅವಳು ತನ್ನ ಸಾಲಿನಲ್ಲೇ ಸಾಗಿ, ಮುದ್ರೆ ಹಾಕಿಸಿಕೊಂಡು ಆಚೆ ಬಂದು ನಿಂತಳು. ಗಾಜಿನ ಆಚೆ ಅಕ್ಕ ಕೌಂಟರಿನ ಮುಂದೆ ನಿಂತು ತಲೆಯಾಡಿಸುತ್ತಿದ್ದಳು. ಕೇಳಿದ್ದಕ್ಕೆಲ್ಲ ಬಾಯಿ ಬಿಟ್ಟು ನಗುತ್ತಿದ್ದಳು. ಮಗಳ ಜಾಕೆಟ್ಟು ಅಕ್ಕನ ಹತ್ತಿರ ಉಳಿದಿತ್ತೆಂದು ಇನ್ನೂ ಸಾಲಿನಲ್ಲೇ ಇದ್ದ ಶ್ರೀವಿದ್ಯಾ ಅತ್ತ ಸರಿದಳು. ಸರಿದವಳು ನೆರವಾಗಲೆಂದು ಇಂಗ್ಲಿಷಿನಲ್ಲಿ ಅಧಿಕಾರಿಗೆ ಹೇಳಿದ್ದು ಭುವನೇಶ್ವರಿಗೆ ಕೇಳಿಸಲಿಲ್ಲ. ಕೇಳಬೇಕಾಗಿರಲಿಲ್ಲ. ಅಧಿಕಾರಿ ಪಾಸ್‌ಪೋರ್ಟನ್ನು ಮತ್ತೆ ಮೊದಲಿನಿಂದ ತಿರುವತೊಡಗಿದ್ದ. ಐದು ನಿಮಿಷಕ್ಕೆ ದ್ವಾರಕನಾಥ್ ಪಟ್ಟಿ ಹಿಡಿದುಕೊಂಡೇ ಓಡಿಬಂದರು. "ಭುವನೇಶ್ವರಿ, ನಿಮ್ಮ ಹೆಲ್ಪರ್‌ದು ಏನೋ ಪ್ರಾಬ್ಲಮ್ ಅಂತೆ. ವಿಸಿಟ್ ಪಾಸ್ ಮೇಲೆ ಬಂದು ಕೆಲ್ಸ ಮಾಡ್ತಿದ್ದಾರೆ ಅಂತಿದ್ದಾರೆ. ವರ್ಕ್ ಪರ್ಮಿಟ್ ಮಾಡ್ಸಿಲ್ವಾ ನೀವು?"

ಕರೆದೊಯ್ದ ವಿಚಾರಣೆಯ ಕೋಣೆ ಚಿಕ್ಕದು, ತಂಪು. ಮೇಜಿನ ಆಚೆ ತಲೆಗೆ ವಸ್ತ್ರ ಹೊದ್ದ ಅಧಿಕಾರಿಣಿ, ದನಿಯೆತ್ತದ ಹೆಂಗಸು. ಕನ್ನಡ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಯಜಮಾನಿಯೇ ತರ್ಜುಮೆ ಮಾಡುವ ಹಾಗಿಲ್ಲ, ನೀವು ಮಾಡಿ, ಎಂದು ಅಧಿಕಾರಿಣಿ ಶ್ರೀವಿದ್ಯಾಳನ್ನು ಕೂರಿಸಿದಳು. ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂಬುದು ಮೊದಲ ಪ್ರಶ್ನೆ.

"ರೊಟ್ಟಿ ಬಡೀತೀನ್ರಿ. ಭಾಂಡೆ ತಿಕ್ಕತೀನಿ. ಅರಿವಿ ಒಗದ ಹಾಕ್ತೀನಿ. ಬಾಯಾರು ಆಫೀಸಿಂದ ಬರೂದರಾಗ ನೆಲ ಒರಸಿರ್ತೀನಿ." ಎಲ್ಲ ನಿಜ. ಯಾವ ಅಕ್ಕ ಬಂದರೂ ತಂಗಿಯ ಮನೆಯಲ್ಲಿ ಮಾಡುವುದೇ.

ಎಷ್ಟು ಕಾಲದಿಂದ ಇವರಲ್ಲಿ ಕೆಲಸಕ್ಕಿದ್ದೀರಿ ಎಂಬುದು ಎರಡನೆಯದು. ಮುರಿಗೆವ್ವ ಸ್ವಲ್ಪ ಯೋಚಿಸಿದಳು.

"ಅವರು ಹುಟ್ಟಿದಾಗಿಂದ ಮಾಡಾಕತ್ತೀನ್ರಿ."

ಮೇಡಮ್ ಚಿಕ್ಕವರಿದ್ದಾಗಿನಿಂದ, ಅವರ ಮನೆತನದ ಹಳೆಯ ಆಳು, ಎಂದು ಶ್ರೀವಿದ್ಯಾ ಇಂಗ್ಲಿಷಿಗೆ ತಂದಳು. ಅಧಿಕಾರಿಣಿ ಬರೆದುಕೊಂಡಳು.

"ಶಿ ಈಸ್ ಮೈ ಸಿಸ್ಟರ್," ಎಂದಳು ಭುವನೇಶ್ವರಿ.

ಹೇಳಿಬಿಟ್ಟಿದ್ದಳು. ಅರ್ಧವಲ್ಲ, ಪೂರ್ತಿ. ಅಷ್ಟು ಸಣ್ಣ ಮಾತಾಗಿತ್ತೇ ಅದು ಎಂದು ಅವಳಿಗೇ ಆಶ್ಚರ್ಯವಾಯಿತು. ಶ್ರೀವಿದ್ಯಾ ತಿರುಗಿ ನೋಡಿದಳು. ಅಧಿಕಾರಿಣಿ ಕಂಪ್ಯೂಟರಿನಲ್ಲಿ ಏನನ್ನೋ ತೆಗೆದು, ಪರದೆಯನ್ನು ಇವಳ ಕಡೆ ತಿರುಗಿಸಿ, ವೀಸಾ ಫಾರ್ಮಿನ ಸಂಬಂಧ ಎಂಬಲ್ಲಿ ಭುವನೇಶ್ವರಿಯೇ ತುಂಬಿದ 'ಪರಿಚಿತರು' ಎಂಬ ಪದವನ್ನು ಪೆನ್ನಿನ ತುದಿಯಿಂದ ತೋರಿಸಿದಳು. ಇಲ್ಲಿಗೆ ಬಂದ ಮೇಲೆ ಎಲ್ಲರೂ ಅಕ್ಕ ತಂಗಿಯರಾಗುತ್ತಾರೆ ಎಂದಳು, ಸಿಟ್ಟಿಲ್ಲದೆ. ಆಮೇಲೆ, ಆಕೆಯನ್ನೇ ಕೇಳಿ ಎಂದಳು.

"ಭುವನಾ ಹೇಳ್ತಿದ್ದಾರೆ, ನೀವು ಅವರ ಸ್ವಂತ ಅಕ್ಕ ಅಂತೆ. ಹೌದಾ?" ಎಂದು ಕೇಳಿದಳು ಶ್ರೀವಿದ್ಯಾ.

ಮುರಿಗೆವ್ವ ತಂಗಿಯ ಕಡೆ ತಿರುಗಿದಳು. ಬೆಳಗಿನಿಂದ ಕಚ್ಚಿ ಹಿಡಿದಿದ್ದ ಎರಡಕ್ಷರವನ್ನು ಭುವನೇಶ್ವರಿ ಬಿಟ್ಟಳು. "ಅಕ್ಕಾ, ಹೇಳ. ಖರೇ ಏನೈತಿ ಅದನ್ನ ಹೇಳ. ನಿನ್ನ ಕಾಲ ಬೀಳ್ತೀನಿ."

ಆಗ ಅಕ್ಕನ ಮುಖದಲ್ಲಿ ಕಂಡದ್ದೇನು ಎಂಬುದನ್ನು ಭುವನೇಶ್ವರಿ ಆಮೇಲೆ ಎಷ್ಟು ಸಲ ತೆಗೆದು ನೋಡಿಕೊಂಡರೂ ತೀರ್ಮಾನ ಮಾಡಲಾಗಲಿಲ್ಲ. ಹಾಸ್ಟೆಲ್ಲಿನ ಗೇಟಿನಲ್ಲಿ ಕಂಡ ಕರುಣೆಯೇ ಇತ್ತು, ತಂಗಿ ಗಾಬರಿಯಲ್ಲಿ ಬಾಯಿ ತಪ್ಪಿದ್ದಾಳೆ, ಗೆಳತಿಯ ಮುಂದೆ ಅವಳ ಮಾನ ಉಳಿಸಬೇಕು ಎಂಬ ಕರುಣೆ. ಅದರ ಅಡಿಯಲ್ಲಿ, ಹಂಚಿನ ಅಡಿಯ ಕೆಂಡದ ಹಾಗೆ, ಇನ್ನೊಂದೂ ಇತ್ತು. ಯಾವುದು ಮಾತಾಡಿತೋ ಗೊತ್ತಾಗಲಿಲ್ಲ.

"ಬಾಯಾರದು ದೊಡ್ಡ ಮನಸ್ಸರಿ. ಹಂಗ ಅಂತಾರ," ಎಂದಳು ಮುರಿಗೆವ್ವ. "ನಾ ಅವರ ಮನಿ ಕೆಲಸದಾಕಿ."

ಉಳಿದದ್ದು ಬೇಗ ಮುಗಿಯಿತು. ಒಳಗೆ ಬಿಡಲಾಗುವುದಿಲ್ಲ, ಬಂದ ಕಡೆಗೇ ವಾಪಸು, ಹೀಗೆ ತಡೆದವರನ್ನು ಮಲೇಶಿಯಾದವರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಯಜಮಾನಿಯ ವಿಚಾರಣೆಗೆ ಕಾಗದ ಬರುತ್ತದೆ, ಈಗ ಹೋಗಬಹುದು. ಜೊತೆಗೆ ಆ ಬದಿಗೆ ಹೋಗುತ್ತೀರಾ ಎಂದು ಅಧಿಕಾರಿಣಿ ಭುವನೇಶ್ವರಿಯನ್ನು ಕೇಳಿದಳು. ಟ್ರಿಪ್ಪಿನ ಏಜೆಂಟು ಎಲ್ಲರಿಗೂ ಒಂದೇ ಸಲ ಹೋಗಿಬರುವ ವೀಸಾ ಮಾಡಿಸಿದ್ದ, ಅದು ಮುಗಿದಿತ್ತು. ಹೋಗಲು ಬರುವುದಿಲ್ಲ ಎಂದಳು. ಬರುವುದಿಲ್ಲ ಎನ್ನುವಾಗ ಎದೆ ಹಗುರಾಯಿತು. ಆ ಹಗುರವನ್ನು ಅವಳು ಸ್ಪಷ್ಟವಾಗಿ ಕಂಡಳು, ಕಂಡೂ ಅದು ಹಾಗೇ ಇತ್ತು. ದ್ವಾರಕನಾಥ್ ಬಾಗಿಲಿನಲ್ಲಿ ನಿಂತು ಏಜೆಂಟಿಗೆ ಫೋನು ಮಾಡುತ್ತಿದ್ದರು, ಯಾರನ್ನಾದರೂ ಕಳಿಸಿ, ಅವರಿಗೆ ಭಾಷೆ ಬರಲ್ಲ. ಮುರಿಗೆವ್ವ ಎದ್ದಳು. ಹೆಗಲಿನಲ್ಲಿ ಉಳಿದಿದ್ದ ಪ್ರಣತಿಯ ಜಾಕೆಟ್ಟು, ನೀರಿನ ಬಾಟಲಿ ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟು, "ಕೂಸಿಂದು ಐತ್ರಿ," ಎಂದಳು. ಖಾಲಿ ಡಬ್ಬಿಯನ್ನು ತಾನೇ ಇಟ್ಟುಕೊಂಡಳು. ಬಾಗಿಲ ಹತ್ತಿರ ಬಗ್ಗಿ ಬೂಟುಗಳನ್ನು ಕೈಗೆತ್ತಿಕೊಂಡಳು, ಹಾಕಿಕೊಳ್ಳಲಿಲ್ಲ. ಸಮವಸ್ತ್ರದವನೊಬ್ಬನ ಹಿಂದೆ, ಮೂರು ಹೆಜ್ಜೆ ಬಿಟ್ಟು, ಬರಿಗಾಲಿನಲ್ಲಿ ಉದ್ದನೆಯ ಹಾದಿಯಲ್ಲಿ ನಡೆದಳು. ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಎಲ್ಲರೂ ಕಾಯುತ್ತಿದ್ದರು. ದ್ವಾರಕನಾಥ್ ಪಟ್ಟಿ ತೆಗೆದು ಹದಿನಾಲ್ಕನೆಯ ಸಾಲಿನಲ್ಲಿ ಏನನ್ನೋ ಹೊಡೆದುಹಾಕಿ ಡ್ರೈವರಿಗೆ ಕೈ ಮಾಡಿದರು. ಯಾರೋ ನೀರು ಕೊಟ್ಟರು. ಶ್ರೀವಿದ್ಯಾ ಪಕ್ಕದಲ್ಲೇ ಕೂತು, ಭುವನೇಶ್ವರಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಒಬ್ಬ ಕೆಲಸದವರನ್ನ ಉಳಿಸೋಕೆ ಸ್ವಂತ ಅಕ್ಕ ಅಂತ ಹೇಳಿದ್ರಲ್ಲ ಭುವನಾ. ನಂಗಾಗಿದ್ರೆ ಬಾಯೇ ಬರ್ತಿರ್ಲಿಲ್ಲ. ಪಾಪ, ಆಕೇನೂ ಎಷ್ಟು ನಿಯತ್ತು ನೋಡಿ, ಅಷ್ಟಾದ್ರೂ ಸುಳ್ಳು ಹೇಳ್ಲಿಲ್ಲ. ಅಂಥವ್ರು ಈಗ ಎಲ್ಲಿ ಸಿಗ್ತಾರೆ."

ಬಸ್ಸು ಹೊರಟಿತು.

"ಹೂಂ," ಎಂದಳು ಭುವನೇಶ್ವರಿ.